ಔಟ್‌ಲ್ಯಾಂಡ್ ಮನೆಯ ಸಾಕುಮಗಳು

ಜನವರಿ 11, 1954. ಕೇರಿಸ್‌ಬರ್ಗ್

ಮನೆ ಯಜಮಾನಿ ಮಾಗೆ ಗಂಜಿ, ಔಷಧಿ, ತಲೆ ಬಾಚಿದ್ದು — ಆಯ್ತು. ಇವತ್ತೂ ಬೈಸಿಕೊಂಡೆ. ಕಾರ್ನ್ ಬ್ರೆಡ್ ಒಣಗಿತ್ತಂತೆ. ಎಂಬತ್ತು ದಾಟಿದರೂ ನಾಲಿಗೆಗೆ ಮಾತ್ರ ಮುಪ್ಪು ಬಂದಿಲ್ಲ.

ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಒಬ್ಬ ಗಂಡಸು. ಕಾಲೆಲ್ಲ ಕೆಂಪು ಧೂಳು. ಮಾ ಕಿಟಕಿಯಿಂದಲೇ ನೋಡಿ, "ರೋಸಲಿನ್, ಯಾವನೋ ಕಂಟ್ರಿಯವನು, ಕಾಡುಕಡೆಯವನು ಬಂದಿದಾನೆ. ಬೆಳ್ಳಿ ಸಾಮಾನು ಒಳಗಿಡು," ಅಂದರು. ಹೋಗಿ ನೋಡಿದರೆ ಟೊಕ್ಪಾ. ನನ್ನ ಒಡಹುಟ್ಟಿದ ತಮ್ಮ.

"ಅಕ್ಕಾ, ಅವ್ವಂಗೆ ಆಗ್ತಿಲ್ಲ. ಗೋರ್ಪು ಎಲ್ಲಿ, ಗೋರ್ಪು ಎಲ್ಲಿ ಅಂತ ಒಂದೇ ಸಮ. ಹೊರಡು."

ಗೋರ್ಪು ಅಂದರೆ ನಾನೇ. ಆರು ವರ್ಷ ಆಗಿದ್ದಾಗ ಅಪ್ಪ ಈ ಮನೆಗೆ ಬಿಟ್ಟದ್ದು, ನಾಲ್ಕಕ್ಷರ ಕಲೀಲಿ ಅಂತ. ಹಾಗೆ ಬಿಟ್ಟವರು ಎಷ್ಟೋ ಜನ. ಬಂದ ದಿನವೇ ಮಾ ಹಂಡೆ ನೀರಲ್ಲಿ ತಿಕ್ಕಿ ತೊಳೆದು, ರೋಸಲಿನ್ ಅಂತ ಕರೆದು, ಹಡಗಲ್ಲಿ ಬಂದು ನೆಲೆಸಿದ ಔಟ್‌ಲ್ಯಾಂಡ್ ಅನ್ನೋ ಮನೆತನದ ಹೆಸರು ಕೊಟ್ಟರು. ಈಗ ನನಗೆ ನಲವತ್ತರ ಮೇಲಾಯ್ತು. ಇಲ್ಲೇ ಸ್ಕೂಲಲ್ಲಿ ಟೀಚರ್. ಹುಟ್ಟಿದೂರಿನ ಕ್ಪೆಲ್ಲೆ ಭಾಷೆ ಅರ್ಧ ಅರ್ಥ ಆಗತ್ತೆ, ಬಾಯಿಗೆ ಬರಲ್ಲ.

ಟೊಕ್ಪಾನಿಗೆ ಇರೋಕೆ ಹೇಳಿದೆ. ಮಾ ಅವರನ್ನ ಕೇಳಬೇಕು.

ಜನವರಿ 14

ಕೇಳಿದೆ. ಮಾ ಕೈ ಗಟ್ಟಿಯಾಗಿ ಹಿಡ್ಕೊಂಡರು. "ಯುಡೋರಾ ನನ್ನ ಹೊಟ್ಟೇಲಿ ಹುಟ್ಟಿದೋಳು. ಮನ್ರೋವಿಯಾದಲ್ಲಿ ಪಾರ್ಟಿ ಮಾಡ್ಕೊಂಡು ಕೂತಿದಾಳೆ. ನನ್ನ ಮಗಳು ಅಂದ್ರೆ ನೀನೇ ಕಣೇ. ನಾನು ಕಣ್ಣು ಮುಚ್ಚೋತನಕ ಎಲ್ಲೂ ಹೋಗಬೇಡ."

ಮಗಳು! ಈ ಮನೇಲಿ ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ. ಕರಗಿಹೋದೆ.

ಟೊಕ್ಪಾನಿಗೆ ಇನ್ನೊಂದು ವಾರ ತಡಿ ಅಂದೆ. "ಅವ್ವ ನಿನ್ನ ಕ್ಯಾಲೆಂಡರ್ ನೋಡ್ಕೊಂಡು ಸಾಯಲ್ಲ ಅಕ್ಕಾ," ಅಂದ. ಅನ್ನ ಬಡಿಸಿದ್ದೆ, ಮುಟ್ಟಲಿಲ್ಲ. ಹೊರಟೇಬಿಟ್ಟ. ಸಿಟ್ಟು ಬಂತು... ಸಿಟ್ಟಲ್ಲ, ನಾಚಿಕೆ.

ಫೆಬ್ರವರಿ 9

ಮಾ ಹೋದರು. ಬೆಳಗಿನ ಜಾವ, ನನ್ನ ತೋಳಲ್ಲೇ.

ಫೆಬ್ರವರಿ 11

ಮಣ್ಣಾಯ್ತು. ಈ ಬಿಸಿಲಲ್ಲೂ ಕರೀ ಕೋಟು, ರೇಷ್ಮೆ ಟೋಪಿ ಹಾಕ್ಕೊಂಡ ದೊಡ್ಡವರೆಲ್ಲ ಬಂದಿದ್ದರು. ಚರ್ಚಿಂದ ಮೆರವಣಿಗೆ. ಪೆಟ್ಟಿಗೆ ಹಿಂದೆ ಯುಡೋರಾ, ಅವಳ ಹಿಂದೆ ನಾನು ನಿಂತೆ. ಅವಳು ನನ್ನ ಮೊಣಕೈ ಮೆಲ್ಲಗೆ ಹಿಡಿದು, "ರೋಸಲಿನ್ ಡಿಯರ್, ಇದು ಫ್ಯಾಮಿಲಿ ಸಾಲು. ನೀನು ಹಿಂದೆ ಹೋಗು, ಅಡುಗೆಯವರ ಜೊತೆ. ತಪ್ಪು ತಿಳ್ಕೋಬೇಡ," ಅಂದಳು.

ತಪ್ಪೇನು ತಿಳ್ಕೊಳ್ಳೋದು. ಸರಿಯಾಗೇ ತಿಳ್ಕೊಂಡೆ.

ಹಿಂದೆ ನಡೆದೆ. ಅಯ್ಯೋ ದೇವರೇ, ಯಾರಿಗೋಸ್ಕರ ಇಲ್ಲಿ ಕೂತುಬಿಟ್ಟೆ ನಾನು? ಸಂಜೆ ಯುಡೋರಾ ಉಗ್ರಾಣದ ಬೀಗದಕೈ ಕೇಳಿದಳು. ಕೊಟ್ಟೆ. ನಾಳೆ ಮೊದಲ ಲಾರಿ ಹಿಡೀತೀನಿ. ಅವ್ವ, ಇರೇ. ಒಂದು ದಿನ ಇರೇ.

ಫೆಬ್ರವರಿ 13. ಅವ್ವನ ಊರು, ಮಧ್ಯಾಹ್ನ

ಬದುಕಿದಾಳೆ! ಲಾರಿ ಇಳಿದು ಕಾಡು ದಾರೀಲಿ ಶೂ ಕೈಲಿ ಹಿಡ್ಕೊಂಡು ಓಡಿದ್ದೇ ಓಡಿದ್ದು. ಟೊಕ್ಪಾ ಅಂಗಳದಲ್ಲೇ ಸಿಕ್ಕಿದ. "ಇದಾಳೆ. ಒಳಗೆ ಹೋಗು," ಅಂದ ಅಷ್ಟೇ.

ಅವ್ವ ಚಾಪೆ ಮೇಲೆ ಕೂತಿದ್ದಳು. ಎಷ್ಟು ಚಿಕ್ಕೋಳಾಗಿಬಿಟ್ಟಿದಾಳೆ. ನನ್ನ ಮುಖ ಮುಟ್ಟಿದಳು, ಟೋಪಿ ಮುಟ್ಟಿದಳು.  ಟೊಕ್ಪಾನ ಹೆಂಡತಿ ಕಡೆ ಕಣ್ಣಾಡಿಸಿದಳು. ಅವಳು ಕಾಲು ಕಟ್ಟಿದ ಒಂದು ಕೋಳಿ ತಂದಳು. ಒಂದು ಕಪ್ಪು ಗರಿ ಇಲ್ಲ, ಹಾಲಿನಂಥ ಬಿಳುಪು. ಅವ್ವ ಅದನ್ನ ಎರಡೂ ಕೈಲಿ ನನ್ನ ಕಡೆ ಚಾಚಿದಳು. 

ಕಣ್ಣು ತುಂಬಿ ಬಂತು. ಮಂಡಿಯೂರಿ ಎರಡೂ ಕೈಲಿ ತಗೊಂಡೆ. ಮಾ ಕಲಿಸಿದ ಹಾಗೆ ತಲೆಬಾಗಿ, ಥ್ಯಾಂಕ್ ಯೂ, ತುಂಬಾ ದೊಡ್ಡ ಮನಸ್ಸು ನಿಮ್ಮದು ಅಂದೆ.

 ಅವ್ವ ಕೈ ಮಡಿಲಿಗೆ ತಗೊಂಡಳು. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಟೊಕ್ಪಾ ಹೊರಗೆ ಎಳ್ಕೊಂಡು ಬಂದ. "ಯಾಕೆ ತಗೊಂಡೆ?"

"ಪ್ರೀತಿಯಿಂದ ಕೊಟ್ಟಳಲ್ಲೋ."

"ಬಿಳಿ ಕೋಳಿ ಕೊಡೋದು ದೂರದಿಂದ ಬಂದ ಅತಿಥಿಗೆ. ಮನೆಮಗಳಾದ್ರೆ ರೇಗಬೇಕಿತ್ತು. ನಾನೇನು ಹೊರಗಿನವಳಾ, ಬಿಡೇ ಅದನ್ನ ಗೂಡಿಗೆ ಅಂತ ಬೈಬೇಕಿತ್ತು. ನೀನು ಬೈತೀಯಾ ಅಂತ ನೋಡೋಕೇ ಅವಳು ಆ ಕೋಳಿ ಸಾಕಿದ್ದು, ಅಕ್ಕಾ."

 ಕೋಳಿ ಹಿಡ್ಕೊಂಡೇ ಅಂಗಳದಲ್ಲಿ ಕೂತೆ.

ಫೆಬ್ರವರಿ 14, ಬೆಳಿಗ್ಗೆ

ಊಟ ನನಗೇ ಮೊದಲು ಬಡಿಸಿದರು. ಬೇರೆ ತಟ್ಟೆ. ಒಳ್ಳೇ ಚಾಪೆ. ಇಷ್ಟು ಮರ್ಯಾದೆ ಔಟ್‌ಲ್ಯಾಂಡ್ ಮನೇಲೂ ಕಂಡಿರಲಿಲ್ಲ. 

ಟೊಕ್ಪಾನ ಹತ್ತಿರ ಬೈಗುಳ ಹೇಳಿಸ್ಕೊಂಡು ಬಾಯಿಪಾಠ ಮಾಡಿದೆ. ನಾನೇನು ಹೊರಗಿನವಳಾ — ಕ್ಪೆಲ್ಲೆಯಲ್ಲಿ. ನನ್ನ ಉಚ್ಚಾರಕ್ಕೆ ಅವನ ಮಕ್ಕಳು ಬಿದ್ದು ಬಿದ್ದು ನಕ್ಕವು. ನಗಲಿ. ಕೋಳಿ ಕಂಕುಳಲ್ಲಿ ಇಟ್ಕೊಂಡು ಒಳಗೆ ಹೋದೆ. ಜಗಳ ತೆಗೀಲೇಬೇಕು ಅಂತ.

ಅವ್ವ ಎದ್ದು ಕೂತಿದ್ದಳು. ನನ್ನನ್ನೇ ನೋಡಿದಳು. ಸೊಸೆಗೆ ಹೇಳಿದ್ದು ನನಗೂ ಅರ್ಥ ಆಯ್ತು — "ಅತಿಥಿಗೆ ನೀರು ಕೊಡು."

ಸೊಸೆ ಕೊಟ್ಟಳು. ಕಲಿತ ಮಾತೆಲ್ಲ ನಾಲಿಗೆ ತುದೀಲೇ ಇತ್ತು. ಅವ್ವ ಕಾಯ್ತಿದ್ದಳು, ಕಣ್ಣು ಮಿಟುಕಿಸದೆ ಕಾಯ್ತಿದ್ದಳು. ನೀರು ತಗೊಂಡೆ. ಬಾಯಿ ತೆರೆದೆ. ಬಂದದ್ದು — ಥ್ಯಾಂಕ್ ಯೂ.

ಅವ್ವ ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು, ಮತ್ತೆ ನನ್ನ ಕಡೆ ನೋಡಲಿಲ್ಲ.