ಹೊಟ್ಟೆನೋವು ಅಂತ ಬರೆಯದವಳಿಗೆ

ನಮ್ಮನೆಯವಳೇ, ಸರೋಜಾ,

ನಿನ್ನ ಪೇಪರಿನಲ್ಲೇ ನಿನ್ನ ಸಾವಿನ ಸುದ್ದಿ ಬಂತು ಕಣೇ. ಮೂರೇ ಸಾಲು. ಹಿರಿಯ ಪತ್ರಕರ್ತೆ, ಅವಿವಾಹಿತೆ, ಅಣ್ಣನನ್ನೂ ಅಪಾರ ಬಂಧುಬಳಗವನ್ನೂ ಅಗಲಿದ್ದಾರೆ ಅಂತೆ. ಯಾವ ಬಂಧುಬಳಗ? ಜೆ.ಪಿ. ನಗರದ ಈ ಮನೆಗೆ ಒಂದು ದಿನ ಕಾಲಿಡದ ಅಣ್ಣ, ಆಸ್ಪತ್ರೆಯಿಂದ ನಿನ್ನನ್ನ ನೇರ ತನ್ನ ಮನೆಗೆ ಹೊತ್ಕೊಂಡು ಹೋದ. ಇದು ಮನೆಯವರ ವಿಷಯ, ನೀವು ಹೊರಡಿ ಅಂತ ಗೇಟಲ್ಲೇ ನನ್ನನ್ನ ತಡೆದ. ಇಷ್ಟು ವರ್ಷ ನಿನ್ನ ಜೊತೆ ಬಾಳಿದ ನಾನು ಹಾಗಾದ್ರೆ ಯಾರು?

ಎಮರ್ಜೆನ್ಸಿ ಮುಗಿದ ವರ್ಷ ನೀನು ಜಯನಗರದ ನನ್ನ ಹೊಲಿಗೆ ಅಂಗಡಿಗೆ ಬಂದು, ರವಿಕೆಗೆ ಪೆನ್ನಿನ ಜೇಬು ಹೊಲಿದು ಕೊಡಿ ಅಂದಿದ್ದೆ. ನಾನು ನಕ್ಕಿದ್ದಕ್ಕೆ ಸಿಡುಕಿದ್ದೆ. ಸುದ್ದಿ ಬರೀಬೇಕು ಅಂತ ಹೋದವಳಿಗೆ ಪೇಪರಿನವರು ಕೊಟ್ಟಿದ್ದು ಮಹಿಳಾ ಪುಟ. ಮೊಡವೆಗೆ ಅರಿಶಿನ, ಮಾವಿನಕಾಯಿ ಚಟ್ನಿ. ಜೇಬು ಹೊಲಿದು ಕೊಟ್ಟೆ. ಆಮೇಲೆ ನಿನ್ನ ರವಿಕೆಗಳನ್ನೆಲ್ಲ ನಾನೇ ಹೊಲಿದೆ, ಮನೆಯೂ ಒಂದೇ ಆಯ್ತು.

ಅರೆಕೆರೆಯ ಆ ಇಬ್ಬರು ಹುಡುಗೀರನ್ನ ನೀನು ಮರೆತೀಯಾ? ಒಬ್ಬಳಿಗೆ ಬಲವಂತದ ಮದುವೆ ಗೊತ್ತಾಯ್ತು ಅಂತ ಇಬ್ಬರೂ ಒಟ್ಟಿಗೆ ಜೀವ ಬಿಟ್ಟರು. ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ ಅಂತ ನಿಮ್ಮ ಪೇಪರು ಬರೀತು, ಹೆಣ್ಣು ಸತ್ತಾಗೆಲ್ಲ ಬರೆಯೋ ಹಾಗೆ. ನೀನು ಸಂಪಾದಕರ ಎದುರು ನಿಂತು ಕೇಳಿದೆ, “ಇಬ್ಬರಿಗೂ ಒಂದೇ ದಿನ ಹೊಟ್ಟೆನೋವು ಬಂತಾ ಸಾರ್?”

ನಿಜ ಕೇಳೋಕೆ ಹೋದಾಗ ಒಬ್ಬಳ ತಾಯಿ ನಿನ್ನ ಮುಖಕ್ಕೇ ಬಾಗಿಲು ಹಾಕಿದಳು. ಹೊಟ್ಟೆನೋವು ಅಂತಲೇ ಇರ್ಲಿ, ಮಾನ ಉಳೀತದೆ ಅಂದಳು. ನಿನ್ನ ವರದಿಯನ್ನ ಸಂಪಾದಕರು ಹಾಕಲಿಲ್ಲ. ಸರಿ, ಅದನ್ನೇ ನಾವು ಕರಪತ್ರ ಮಾಡಿಸಿದ್ವಿ, ಕೆಳಗೆ ನಮ್ಮನೆ ವಿಳಾಸ. ಮೈದಾ ಕಾಯಿಸಿ, ಮೈಲುತುತ್ತ ಹಾಕಿ ಅಂಟು ಮಾಡಿ, ಜಯನಗರ ಕಾಂಪ್ಲೆಕ್ಸ್ ಗೋಡೆಗೆಲ್ಲ ಅಂಟಿಸಿದ್ವಿ. ಆಫೀಸಲ್ಲಿ ಗುಸುಗುಸು ಶುರುವಾಯ್ತು, ಇವಳೂ ಅಂಥವಳೇ ಅಂತ. ಹೌದು, ನಾನೂ ಅಂಥವಳೇ, ಏನೀಗ ಅಂದ್ಬಿಟ್ಟೆ ನೀನು. ಅವತ್ತಿಂದ ಪ್ರೂಫ್ ತಿದ್ದೋಕೆ ಕೂರಿಸಿದ್ರು. ಕಾಮಾಲೆ ಬಂದು ಆಸ್ಪತ್ರೆ ಸೇರೋವರೆಗೂ ಅದೇ ಕುರ್ಚಿ. ಆದ್ರೆ ಆ ವಿಳಾಸ ಹಿಡ್ಕೊಂಡು ಎಷ್ಟು ಹುಡುಗೀರು ಬಂದ್ರು! ನಮ್ಮ ಹಾಲಲ್ಲಿ ಚಾಪೆ ಮಡಚಿದ ದಿನವೇ ಇಲ್ಲ. ಅವರ ಅಪ್ಪಂದಿರ ಜೊತೆ ಪೊಲೀಸ್ ಸ್ಟೇಷನ್ನಲ್ಲಿ ಜಗಳ ಆಡಿದ್ದು ಯಾರು? ಇದ್ಯಾವುದೂ ಆ ಮೂರು ಸಾಲಲ್ಲಿ ಇಲ್ಲ.

ನಿನ್ನೆ ಅದೇ ಸಂಪಾದಕರ ಮುಂದೆ ಹೋಗಿ ನಿಂತೆ. ಅಗಲಿದ್ದಾರೆ ಅನ್ನೋ ಕಡೆ ನನ್ನ ಹೆಸರೂ ಹಾಕಿ, ತಿದ್ದುಪಡಿ ಕೊಡಿ ಅಂದೆ. “ಯಾಕಮ್ಮಾ ಸತ್ತವರ ಮಾನ ಕಳೀತೀರಾ?” ಅಂದ್ರು. ಮಾನವಂತೆ! ಬದುಕಿದ್ದಾಗ ನಿನ್ನ ಬಾಯಿ ಮುಚ್ಚಿಸೋಕೆ ಆಗದವರು, ಈಗ... ಮೈಯೆಲ್ಲ ಉರಿದು ಹೋಯ್ತು ಕಣೇ. ನಿನ್ನ ಸಾವಿಗೂ ಹೊಟ್ಟೆನೋವು ಅಂತ ಬರೆದ ಹಾಗೇ ಅಲ್ವಾ ಇದು?

ಇವತ್ತು ಬಾಗಿಲು ತಟ್ಟಿದ್ದು ಯಾರು ಗೊತ್ತಾ? ಅರೆಕೆರೆಯ ಆ ತಾಯಿ. ಒಂದು ಕೈಯಲ್ಲಿ ನಮ್ಮ ಹಳೇ ಕರಪತ್ರ, ಇನ್ನೊಂದರಲ್ಲಿ ಅನ್ನ ಸಾರಿನ ಕ್ಯಾರಿಯರ್. ನಿನ್ನ ಅಣ್ಣನ ಮನೆಗೆ ನೆಂಟರೆಲ್ಲ ಅಡುಗೆ ಹೊತ್ಕೊಂಡು ಹೋಗಿದ್ರು. ನನ್ನ ಬಾಗಿಲಿಗೆ ಒಬ್ಬರೂ ಬಂದಿರಲಿಲ್ಲ. “ಸಾವಾದ ಮನೇಲಿ ಒಲೆ ಹಚ್ಚಬಾರದು ಕಣವ್ವ, ಉಣ್ಣು,” ಅಂದಳು. ಆಗ ಅತ್ತುಬಿಟ್ಟೆ ನೋಡು, ಅಲ್ಲಿವರೆಗೂ ಒಂದು ಹನಿ ಬಂದಿರಲಿಲ್ಲ.

ನಿನ್ನೆ ಸಂಜೆ ಪ್ರೆಸ್ಸಿಗೆ ಕೊಟ್ಟಿದ್ದ ಪೋಸ್ಟರ್ ಮಧ್ಯಾಹ್ನ ಬಂತು. ನಿನ್ನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ, ಹೊಲಿಗೆ ಅಂಗಡಿಯ ಕಮಲಾಳನ್ನು ಅಗಲಿದ್ದಾಳೆ ಅಂತ. ನಾಳೆ ನಿಮ್ಮ ಆಫೀಸಿನ ಎದುರು ಗೋಡೆಗೇ ಅಂಟಿಸ್ತೀನಿ. ಆ ತಾಯಿಗೆ ಓದಿ ಹೇಳಿದೆ. ನನ್ನ ಮಗಳ ಹೆಸರಲ್ಲೂ ಒಂದು ಮಾಡಿಸ್ಕೊಡು, ಹೊಟ್ಟೆನೋವು ಅಂತ ಬೇಡ ಅಂದಳು. ಆಮೇಲೆ, ಹಚ್ಚಬಾರದು ಅಂದಿದ್ದ ಒಲೆಯನ್ನ ತಾನೇ ಹಚ್ಚಿ ಅಂಟಿಗೆ ಮೈದಾ ಕಲಕೋಕೆ ಕೂತಳು.