ರಸ್ಕ್‌ಗೆ ಹತ್ತರಲ್ಲಿ ಎಷ್ಟು

ಸೆಪ್ಟೆಂಬರ್ 12, ಗುರುವಾರ
ಇವತ್ತೂ ಚರ್ಚ್ ಸುತ್ತಿಕೊಂಡೇ ಕಾಲೇಜಿಗೆ. ನೇರ ರಸ್ತೆಯಲ್ಲಿ ನಜೀರ್ ಭಾಯ್ ಬೇಕರಿ. ಅದರ ಬಾಗಿಲಲ್ಲಿ ಅವರ ನಾಯಿ ರಸ್ಕ್. ಹನ್ನೆರಡು ನಿಮಿಷ ಎಕ್ಸ್‌ಟ್ರಾ. ಫಸ್ಟ್ ಅವರ್ ಅಟೆಂಡೆನ್ಸ್ ಹೋಯಿತು.

ಸೈಕಾಲಜಿ ಪ್ರಾಜೆಕ್ಟ್: ಭಯ ಇದ್ದರೆ ಪ್ರಾಣಿ ಮುದ್ದಾಗಿ ಕಾಣುತ್ತದೆಯೇ? ಮೇಡಂ ಕೊಟ್ಟ ಪಟ್ಟಿಯ ಹತ್ತು ಪ್ರಾಣಿ, ಇಪ್ಪತ್ತು ಜನ. ಪ್ರತಿ ಫೋಟೋಗೆ ಹತ್ತರಲ್ಲಿ ಮುದ್ದು ಎಷ್ಟು, ಭಯ ಎಷ್ಟು. ಪಿಜಿ ಹುಡುಗಿಯರಲ್ಲೇ ಮುಗಿಸಿದೆ. ರೂಮ್‌ಮೇಟ್ ಶೀಬಾ ಹಲ್ಲಿ ಫೋಟೋ ಬೋರಲು ಹಾಕಿದಳು. "ಛೀ! ಮುದ್ದು ಸೊನ್ನೆ, ಭಯ ಹನ್ನೊಂದು ಬರ್ಕೊ!" ನಾನಾಗಿದ್ದರೆ ಮುದ್ದಿಗೆ ಎಂಟು ಕೊಡುತ್ತಿದ್ದೆ. ಸ್ಕೂಲ್ ಹಾಸ್ಟೆಲಿನಲ್ಲಿ ಏಳು ವರ್ಷ ಟ್ಯೂಬ್‌ಲೈಟ್ ಹಿಂದೆ ಒಂದು ಹಲ್ಲಿ ಇತ್ತು... ಆ ಬೆರಳು ಎಷ್ಟು ಚಂದ.

ಸೆ. 13
ಯಮುನಾ ಮೇಡಂ ಫೋಟೋ ಎಣಿಸಿದರು. "ಮೊಲ ಎರಡಿದೆ. ನಾಯಿ ಎಲ್ಲಿ?"

ನಾಯಿ ಫೋಟೋ ಪ್ರಿಂಟ್ ತೆಗೆಯಬೇಕಾದರೆ ಅದನ್ನು ನೋಡಬೇಕಲ್ಲ. ಆಗಲಿಲ್ಲ. ಲೆಕ್ಕಕ್ಕೆ ಇನ್ನೊಂದು ಮೊಲ ಸೇರಿಸಿದ್ದೆ.

"ಆರನೇ ಕ್ಲಾಸಲ್ಲಿ ಕಚ್ಚಿತ್ತು ಮ್ಯಾಮ್."

ಬೈಯಲಿಲ್ಲ. "ಭಯದ್ದೇ ಪ್ರಾಜೆಕ್ಟು. ಭಯ ಪಟ್ಕೊಂಡು ನಾಯೀನೇ ಬಿಟ್ಟಿದೀಯ! ಬುಧವಾರಕ್ಕೆ ಹೊಸ ಇಪ್ಪತ್ತು ಜನರ ಶೀಟ್ ಬೇಕು. ಪಿಜಿಯವ್ರು ಬೇಡ. ಇಲ್ಲಾಂದ್ರೆ ಇಂಟರ್ನಲ್ಸ್ ಸೊನ್ನೆ. ನಿನ್ನ ಶೀಟ್ ಈಗ ತುಂಬು, ಕೊನೆಗೆ ಇನ್ನೊಂದ್ಸಲ."

ತುಂಬಿದೆ. ನಾಯಿ — ಮುದ್ದು 0. ಭಯ 10.

ಸೆ. 17, ಮಂಗಳವಾರ, ಮಧ್ಯಾಹ್ನ
ನಾಲ್ಕು ದಿನ, ಎರಡೇ ಶೀಟ್. ರಸ್ತೆಯಲ್ಲಿ ಯಾರೂ ನಿಲ್ಲುವುದಿಲ್ಲ. ಜನ ನಿಲ್ಲುವುದು ಒಂದೇ ಕಡೆ: ಸಂಜೆ ಐದಕ್ಕೆ, ಬಿಸಿ ಖಾರಾ ಬನ್‌ಗೆ, ನಜೀರ್ ಭಾಯ್ ಬೇಕರಿ ಮುಂದೆ.

ಶೀಬಾ ಶನಿವಾರವೇ ಹೋಗಿ ನಾಯಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ತಂದಿದ್ದಳು. ರಸ್ಕ್‌ನದೇ! ಇವತ್ತು ಕೇಳಿದಳು, "ಶೀಟೂ ನಾನೇ ತುಂಬಿಸ್ಕೊಂಡ್ ಬರ್ಲಾ?"

ಬೇಡ. ನಾನೇ ಹೋಗುತ್ತೇನೆ.

ಸಂಜೆ 6.40
ಹೋದೆ. ಸಾಲಿನ ತುದಿಯಲ್ಲಿ, ಬಾಗಿಲಿಂದ ದೂರ ನಿಂತೆ.

"ಕ್ಯಾ ಬೇಟಾ, ಅಷ್ಟು ದೂರ ಯಾಕ್ ನಿಂತಿದೀಯ?" ಅಂದರು ನಜೀರ್ ಭಾಯ್. "ಮುದುಕ ಅವ್ನು. ಬಿಸ್ಕೆಟ್ಟೂ ಹಾಲಲ್ಲಿ ನೆನೆಸಿ ಕೊಡ್ಬೇಕು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಶೀಟ್ ಹಂಚಿದೆ. ಒಬ್ಬರು ಆಂಟಿ, "ಫೋಟೋ ಯಾಕಮ್ಮಾ, ಆಸಾಮಿ ಇಲ್ಲೇ ಬಿದ್ಕೊಂಡಿದಾನಲ್ಲ!"

ಹದಿನೆಂಟು ಶೀಟ್. ಒಂದೂವರೆ ಗಂಟೆ. ಇಷ್ಟು ದಿನ ರಸ್ಕ್ ಅಂದರೆ ಒಂದು ಬಾಯಿ, ಅಷ್ಟೇ. ಇವತ್ತು ಉಳಿದದ್ದೂ ಕಂಡಿತು. ಹುಬ್ಬು ಬೆಳ್ಳಗಾಗಿದೆ. ಗೊರಕೆ ಹೊಡೆಯುತ್ತಾನೆ. ಓವನ್ ಬಾಗಿಲು ತೆರೆದಾಗಲೆಲ್ಲ ಒಂದು ಕಿವಿ ಮಾತ್ರ ಏಳುತ್ತದೆ. ಒಮ್ಮೆ ಎದ್ದು ಮೈ ಮುರಿದ. ಮೂರು ಹೆಜ್ಜೆ ಹಿಂದೆ ಸರಿದೆ. ಓಡಲಿಲ್ಲ.

ಸೆ. 18, ಬೆಳಿಗ್ಗೆ 7.50
ಇವತ್ತು ನೇರ ರಸ್ತೆ. ಹೊರಡುವ ಮುಂಚೆ ನನ್ನ ಎರಡನೇ ಶೀಟ್. ಸುಳ್ಳು ಬರೆಯಬಾರದು.

ಭಯ — 8. ಇಳಿದದ್ದು ಎರಡೇ. ಇರಲಿ.

ಮುದ್ದು — ಆ ಕಿವಿಗೆ ಮೂರು. ಹುಬ್ಬಿಗೆ ಒಂದು. ಗೊರಕೆಗೆ...