ಗುವೊ ಮಾಸ್ಟರ್ ಕಲಿತ ಹುಲಿ

2 ಮಾರ್ಚ್ 2007, ಶುಕ್ರವಾರ, ಬೆಳಿಗ್ಗೆ 8

ಶ್ರೀಮನ್ಮಹಾರಾಜಾಧಿರಾಜ ದಿನಚರಿ ಪುಸ್ತಕದ ಸನ್ನಿಧಾನಕ್ಕೆ, ಅರಬರ ಮರಳುನಾಡಿನ ಇಂಟರ್‌ನ್ಯಾಷನಲ್ ಸಿಟಿ ಬೆಡ್‌ಸ್ಪೇಸ್ ಸಂಸ್ಥಾನದ, ಎರಡಂತಸ್ತಿನ ಮಂಚದ ಮೇಲಂತಸ್ತಿಗೆ ಏಕೈಕ ಒಡೆಯನಾದ ಅನಿಕೇತನ ಬಿನ್ನಹ—

ಇವತ್ತೂ ಆರಕ್ಕೆ ಪಾರ್ಕಿಂಗ್‌ನಲ್ಲಿ ಕುಂಗ್‌ಫು. ಹುಲಿ ಶೈಲಿ. ಕಲಿಸುವವರು ಲೈಟಿನ ಅಂಗಡಿಯ ಗುವೊ ಮಾಸ್ಟರ್, ವಯಸ್ಸು ಅರವತ್ತೆಂಟು. ಮೂರು ವಾರದಿಂದ ಬೆರಳು ಪಂಜ ಮಾಡಿ, ಮಂಡಿ ಬಗ್ಗಿಸಿ ನಿಂತದ್ದೇ ನಿಂತದ್ದು. ಹುಲಿ ಹಾರುವುದು ಯಾವಾಗ? ತಡೆಯಲಾಗಲಿಲ್ಲ.

"ಮಾಸ್ಟರ್, ಮೈ ಮ್ಯಾಂಗಲೋರ್ ಆಲ್ಸೋ ಟೈಗರ್ ಫೈಟಿಂಗ್. ಟೆನ್ ಇಯರ್ಸ್ ಐ ಡೂ."

ಹುಲಿವೇಷದ ಕುಣಿತ ತೋರಿಸಿದೆ. ಮೂರು ಹೆಜ್ಜೆ, ಒಂದು ನೆಗೆತ, ಸೊಂಟ ಕುಲುಕು. ಬೈಯುತ್ತಾರೆ ಅಂದುಕೊಂಡೆ. ಮುಷ್ಟಿಗೆ ಅಂಗೈ ಒತ್ತಿ ಬಾಗಿದರು. "ಒನ್ ಮೋರ್ ಟೈಮ್."

6 ಮಾರ್ಚ್

ಈಗ ದಿನಾ ಬರುತ್ತಾರೆ, ನೋಟ್‌ಬುಕ್ ಹಿಡಿದು. ನನ್ನ ಸರಕು ಮೊದಲ ದಿನವೇ ಖಲಾಸ್. ಹಾಗಾಗಿ ಇವತ್ತು ಹಲ್ಲುಜ್ಜುವಾಗ 'ಬಾಲಧ್ಯಾನ' ಎಂಬ ಪ್ರಾಚೀನ ವಿದ್ಯೆ ಕಂಡುಹಿಡಿದೆ. ಒಂಟಿಕಾಲಲ್ಲಿ ನಿಂತು, ಕಣ್ಣು ಮುಚ್ಚಿ, ಇಲ್ಲದ ಬಾಲವನ್ನು ನೆನೆಯುವುದು. ಇಪ್ಪತ್ತು ನಿಮಿಷ. ಮಾಸ್ಟರ್ ಚಿತ್ರ ಬರೆದುಕೊಂಡರು, ಬಾಲ ಸಮೇತ.

ಕೆಳಮಂಚದ ಲಿಯೊನೆಲ್ ಬಾಲ್ಕನಿಯಿಂದ ನೋಡಿದ್ದಾನೆ. "ಅವರ ಮೊಣಕಾಲು ಹೋದ್ರೆ ನಿಂದು ಕೊಡ್ತೀಯಾ?"

"ಧ್ಯಾನ ಮಾರಾಯ, ಧ್ಯಾನ."

"ನಿನ್ನ ಮಂಡೆ ಸಮ ಇಲ್ಲ."

11 ಮಾರ್ಚ್

ಮಾಸ್ಟರ್ ಅಂಗಡಿ ಮುಚ್ಚುತ್ತಿದ್ದಾರೆ. ಶುಕ್ರವಾರ ಊರಿಗೆ, ಒನ್‌ವೇ. ಅಲ್ಲಿ ಅವರ ಗುರುಗಳ ಶಾಲೆ, ನಲವತ್ತು ಮಕ್ಕಳು. ಅವರಿಗೆ ನನ್ನ ಹುಲಿಯನ್ನು ಕಲಿಸುತ್ತಾರಂತೆ. ಶಾಲೆಯ ಗೋಡೆಯ ಮೇಲೆ ಹನ್ನೊಂದು ಗುರುಗಳ ಹೆಸರು. ಹನ್ನೆರಡನೆಯದು ನನ್ನದಂತೆ. ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡರು...

ನಗು ಬರಬೇಕಿತ್ತು.

"ಎಲ್ಲ ತಮಾಷೆ ಅಂತ ಹೇಳಿಬಿಡು ಮಾರಾಯ" ಅಂದ ಲಿಯೊನೆಲ್. "ಗೋಡೆ ಮೇಲೆ ಬರೆದದ್ದನ್ನು ಇಲ್ಲಿಂದ ಅಳಿಸ್ಲಿಕ್ಕೆ ಆಗುದಿಲ್ಲ."

14 ಮಾರ್ಚ್

ಹೇಳಲೆಂದೇ ಹೋದೆ. ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದ್ದರು. ಆದರೂ ಪೂರ್ತಿ ಮಾಡಿ ತೋರಿಸಿದರು — ಸೊಂಟ ಕುಲುಕುವುದೂ ಸೇರಿ. ನಗುವಂತಿರಲಿಲ್ಲ. ಪಿಕಪ್ ಅಡಿಯಲ್ಲಿದ್ದ ಬೆಕ್ಕು ಎದ್ದು ಓಡಿತು. ನಾನೂ ಎರಡು ಹೆಜ್ಜೆ ಹಿಂದೆ.

"ಕರೆಕ್ಟ್?"

"ಕರೆಕ್ಟ್" ಅಂದೆ.

16 ಮಾರ್ಚ್, ಬೆಳಿಗ್ಗೆ 9

ಟ್ಯಾಕ್ಸಿ ಬಂದಿತ್ತು. ಲಿಯೊನೆಲ್ ಬೆನ್ನಿಗೆ ತಿವಿದ. "ಯಲ್ಲಾ, ಬೇಗ ಹೇಳು."

"ಮಾಸ್ಟರ್, ಟೇಲ್ ಮೆಡಿಟೇಷನ್... ನೋ ಗುಡ್ ಫಾರ್ ಲೆಗ್. ಸ್ಟಾಪ್." ಬಾಯಿಗೆ ಬಂದದ್ದು ಅಷ್ಟೇ.

ಯೋಚಿಸಿದರು. "ಓಕೆ. ಮೀ ಓಲ್ಡ್. ಓನ್ಲಿ ಚಿಲ್ಡ್ರನ್ ಡೂ." ನನಗೆ ಬಾಗಿ ನಮಸ್ಕರಿಸಿ ಹತ್ತಿ ಕುಳಿತರು. ಹೋದರು.

ನಲವತ್ತು ಮಕ್ಕಳು. ಒಂಟಿಕಾಲಲ್ಲಿ.

ಲಿಯೊನೆಲ್ ಮಾತು ಬಿಟ್ಟಿದ್ದಾನೆ. ಅವನಿಗೂ ಹೇಳದ್ದು ಒಂದು ಉಂಟು. ನಾನು ಹುಲಿವೇಷ ಹಾಕಿದವನೇ ಅಲ್ಲ. ಹತ್ತು ವರ್ಷ ಬಿಡು, ಒಂದು ದಿನವೂ ಇಲ್ಲ. ದಸರಾದಲ್ಲಿ ಹುಲಿವೇಷದವರ ತಾಸೆಯ ಸದ್ದು ಕೇಳಿದ ಕೂಡಲೇ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಹುಲಿ ಹತ್ತಿರ ಬಂದರೆ ನನಗೆ ಈಗಲೂ—